ಮೆಜೆಸ್ಟಿಕ್ ಬೋರ್ಡಿನ ಬಸ್ಸು

ಉತ್ತರ ಬೆಂಗಳೂರಿನ ಸಿಂಗಾಪುರ. ವಿದ್ಯಾರಣ್ಯಪುರದ ಮಗ್ಗುಲಲ್ಲೇ ಇರುವ, ನಿನ್ನೆ ಮೊನ್ನೆಯವರೆಗೂ ಹಳ್ಳಿಯಾಗಿದ್ದ ಬಡಾವಣೆ. ಮಾತನಾಡುವವರು ಇಬ್ಬರು: ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದು ಈಗ ಮನೆಯಲ್ಲಿರುವ ಮಾವ, ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಸೊಸೆ.

ಸೊಸೆ: ನಾದಿನಿ ಮದುವೆಗೆ ಕೊಡೋ ಸೀರೆಗೆ ಚಿಕ್ಕಪೇಟೆಗೇ ಹೋಗಬೇಕಾ ಮಾವ? ಸಹಕಾರನಗರದಲ್ಲಿ ಅಂಗಡಿ ಇಲ್ವಾ? ಯಲಹಂಕ ನ್ಯೂಟೌನಿನಲ್ಲಿ ಇಲ್ವಾ? ಅದೂ ಬೇಡ ಅಂದ್ರೆ ಫೋನಿನಲ್ಲಿ ಆರ್ಡರ್ ಮಾಡಿದರಾಯ್ತು, ಮನೆ ಬಾಗಿಲಿಗೇ ಬರುತ್ತೆ.

ಮಾವ: ಕೊಡೋದು ಒಂದೆರಡಲ್ಲ ಕಣಮ್ಮ, ಬಳಗದ ಹೆಣ್ಣುಮಕ್ಕಳಿಗೆಲ್ಲ ಕೊಡಬೇಕು. ಒಂದೇ ದರ ಇರಬೇಕು, ಒಂದೇ ನೇಯ್ಗೆ ಇರಬೇಕು, ಬಣ್ಣ ಮಾತ್ರ ಬೇರೆ ಬೇರೆ. ಇಲ್ಲದಿದ್ರೆ ‘ಅವಳಿಗೆ ಒಳ್ಳೇದು ಕೊಟ್ಟರು, ನನಗೆ ಕಳಪೆ ಕೊಟ್ಟರು’ ಅಂತ ಹತ್ತು ವರ್ಷ ಮಾತು ಕೇಳಬೇಕು. ಸಹಕಾರನಗರದವನು ಅಷ್ಟು ಸೀರೆ ಎಲ್ಲಿಂದ ತರ್ತಾನೆ? ಅವನೂ ಚಿಕ್ಕಪೇಟೆಗೇ ಹೋಗಬೇಕು.

ಸೊಸೆ: ನಮ್ಮ ಆಫೀಸಿನಲ್ಲಿ ಎಷ್ಟೋ ಜನ ಬೆಂಗಳೂರಿಗೆ ಬಂದು ನಾಲ್ಕೈದು ವರ್ಷವಾಯ್ತು, ಚಿಕ್ಕಪೇಟೆ ನೋಡೇ ಇಲ್ಲ. ನೋಡಬೇಕಾದ ಪ್ರಸಂಗವೇ ಅವರಿಗೆ ಬಂದಿಲ್ಲ. ಮನೆ ಥಣಿಸಂದ್ರದಲ್ಲಿ, ಕೆಲಸ ನಾಗವಾರದಲ್ಲಿ, ಸಿನಿಮಾ ಮಾಲ್‌ನಲ್ಲಿ, ಊರಿಗೆ ಹೋಗೋಕೆ ದೇವನಹಳ್ಳಿಯ ವಿಮಾನ ನಿಲ್ದಾಣ. ಅವರ ಬೆಂಗಳೂರು ಹೆಬ್ಬಾಳದ ಫ್ಲೈಓವರಿನ ಈಚೆಗೇ ಮುಗಿದುಹೋಗುತ್ತೆ. ಊರಿಗೆ ಒಂದು ನಟ್ಟನಡು ಇರಲೇಬೇಕು ಅನ್ನೋದು ನಿಮ್ಮ ಕಾಲದ ಅಭ್ಯಾಸ ಅಂತ ನನಗನ್ನಿಸುತ್ತೆ.

ಮಾವ: ಇರಬಹುದು. ಆದರೆ ಇಲ್ಲಿಂದ ಹೊರಡೋ ಬಸ್ಸುಗಳ ಬೋರ್ಡು ನೋಡು. ಮೆಜೆಸ್ಟಿಕ್, ಮಾರ್ಕೆಟ್, ಶಿವಾಜಿನಗರ. ಮಾನ್ಯತಾದಲ್ಲಿ ಎಷ್ಟು ಗಾಜಿನ ಕಟ್ಟಡ ಎದ್ದರೂ ಬೆಂಗಳೂರಿನ ಬಸ್ಸುಗಳು ಮುಖ ಮಾಡೋದು ಈ ಮೂರು ಕಡೆಗೇ.

ಸೊಸೆ: ಮೂರು ಅಂದ್ರಲ್ಲ, ನನ್ನ ತಕರಾರು ಅದೇ. ನಡು ಅನ್ನೋದು ಒಂದೇ ಇರಬೇಕಲ್ವಾ? ನಮ್ಮ ಮ್ಯಾನೇಜರು ಸಿ.ಬಿ.ಡಿ. (ವ್ಯಾಪಾರದ ನಡು ಊರು) ಅಂದರೆ ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆ, ಕನಿಂಗ್‌ಹ್ಯಾಂ ರಸ್ತೆ. ನೀವು ಸಿಟಿ ಅಂದರೆ ಚಿಕ್ಕಪೇಟೆ, ಅವೆನ್ಯೂ ರಸ್ತೆ. ನಮ್ಮಪ್ಪ ಸಿಟಿ ಅಂದರೆ ಕೆ.ಜಿ. ರಸ್ತೆಯ ಥಿಯೇಟರುಗಳು.

ಮಾವ: ಬೆಂಗಳೂರಿಗೆ ಮೊದಲಿನಿಂದ ಒಂದೇ ನಡು ಇದ್ದದ್ದಲ್ಲ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿದರು. ಈಗ ದೊಡ್ಡಪೇಟೆ, ಚಿಕ್ಕಪೇಟೆ ಕೂಡೋ ಚೌಕದಲ್ಲಿ ನೇಗಿಲು ಹೂಡಿ ನಾಲ್ಕು ದಿಕ್ಕಿಗೆ ಬೀದಿ ಎಳೆಸಿದರು ಅಂತ ಕಥೆ. ಆ ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಸುತ್ತ ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ನಗರ್ತಪೇಟೆ, ಒಂದೊಂದು ಕಸುಬಿಗೆ ಒಂದೊಂದು. ಆಮೇಲೆ 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯ ತಂದು ಹಲಸೂರಿನ ಕಡೆ ಇಳಿಸಿದರು. ನಾವದನ್ನ ದಂಡು ಅಂತಿದ್ವಿ. ಸೈನಿಕರು ಕವಾಯತು ಮಾಡೋ ಪೆರೇಡ್ ಮೈದಾನದ ಅಂಚಿನಲ್ಲಿದ್ದ ಸೌತ್ ಪೆರೇಡ್ ರಸ್ತೆಯೇ ಸ್ವಾತಂತ್ರ್ಯ ಬಂದಮೇಲೆ ಮಹಾತ್ಮ ಗಾಂಧಿ ರಸ್ತೆ ಆಯ್ತು. 1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನ ಒಡೆಯರಿಗೆ ಹಿಂದಿರುಗಿಸಿದರೂ ದಂಡನ್ನ ಬಿಟ್ಟುಕೊಡಲಿಲ್ಲ, ರೆಸಿಡೆಂಟರ ಕೈಯಲ್ಲೇ ಇಟ್ಟುಕೊಂಡರು. ಪೇಟೆಗೊಂದು ಮುನಿಸಿಪಾಲಿಟಿ, ದಂಡಿಗೊಂದು ಮುನಿಸಿಪಾಲಿಟಿ. ಎರಡೂ ಒಂದಾಗಿ ಕಾರ್ಪೊರೇಷನ್ ಆದದ್ದು 1949ರಲ್ಲಿ. ನಡುವೆ ಕಬ್ಬನ್ ಪಾರ್ಕು. ಒಂದಾಗೋವರೆಗೆ ಪೇಟೆಯವರಿಗೆ ದಂಡು ಪರದೇಶದಂತೆ ಇತ್ತು.

ಸೊಸೆ: ಹಾಗಾದರೆ ನಿಮ್ಮ ನಡುವಿಗೂ ಬೇಲಿ ಇತ್ತಲ್ಲ ಮಾವ! ಮಾನ್ಯತಾದ ಗೇಟಿನಲ್ಲಿ ಕಾರ್ಡು ಕೇಳ್ತಾರೆ ಅಂತ ನೀವು ಬಂದಾಗೆಲ್ಲ ಗೊಣಗ್ತೀರಿ. ದಂಡಿನಲ್ಲಿ ಕಾರ್ಡು ಕೇಳ್ತಿರಲಿಲ್ಲ, ಚರ್ಮದ ಬಣ್ಣ ನೋಡ್ತಿದ್ದರು, ಅಷ್ಟೇ.

ಮಾವ: ನೋಡ್ತಿದ್ದರು. ಬಣ್ಣ ನೋಡೋರು ಹೋದಮೇಲೆ ಭಾಷೆ ನೋಡೋರು ಬಂದರು. ನಾನು ಹುಡುಗನಾಗಿದ್ದಾಗ ಎಂ.ಜಿ. ರಸ್ತೆಯ ಅಂಗಡಿಗೆ ಹೋಗಿ ಕನ್ನಡದಲ್ಲಿ ರೇಟು ಕೇಳೋಕೆ ನಾಲಿಗೆ ಏಳ್ತಿರಲಿಲ್ಲ. ಪೇಟೆಯಲ್ಲಿ ಅದಿರಲಿಲ್ಲ. ನಮ್ಮ ಯಜಮಾನರ ಮನೆಮಾತು ಮಾರವಾಡಿ, ಎದುರಂಗಡಿಯವರದು ತೆಲುಗು, ಮೂಟೆ ಹೊರೋರು ಕೆಲವರು ತಮಿಳು, ಕೆಲವರು ಉರ್ದು. ವ್ಯಾಪಾರ ಮಾತ್ರ ಕನ್ನಡದಲ್ಲಿ. ಯಾಕೆಂದರೆ ಕೊಳ್ಳೋಕೆ ಬರ್ತಿದ್ದವರು ದೊಡ್ಡಬಳ್ಳಾಪುರ, ತುಮಕೂರು, ಮಾಗಡಿ, ಕನಕಪುರ, ಕೋಲಾರದ ಅಂಗಡಿಯವರು. ಗಿರಾಕಿಯ ಭಾಷೆ ಬರದಿದ್ದರೆ ಗಲ್ಲಾಪೆಟ್ಟಿಗೆ ತುಂಬಲ್ಲ.

ಸೊಸೆ: ಒಂದೇ ಥರದ ಐವತ್ತು ಅಂಗಡಿ ಒಂದೇ ಓಣಿಯಲ್ಲಿ ಯಾಕಿರಬೇಕು ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪಕ್ಕದಲ್ಲೇ ಎದುರಾಳಿ ಕೂತಿರ್ತಾನಲ್ಲ. ದೂರ ಹೋಗಿ ಅಂಗಡಿ ಹಾಕಿದರೆ ಲಾಭ ಅಲ್ವಾ?

ಮಾವ: ಇದನ್ನ ನೀನು ಕೇಳಬೇಕಾದ್ದೇ. ಬೆಳಗ್ಗೆ ಹತ್ತಕ್ಕೆ ಹಳ್ಳಿಯಿಂದ ಒಬ್ಬ ವ್ಯಾಪಾರಿ ಬರ್ತಾನೆ ಅನ್ನು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ನಡೆದೇ ಬರ್ತಾನೆ. ಸಂಜೆಯ ಬಸ್ಸಿಗೆ ವಾಪಸ್ ಹೋಗಬೇಕು. ಅವನಿಗೆ ಸೀರೆ ಬೇಕು, ರವಿಕೆ ಕಣ ಬೇಕು, ಪಂಚೆ ಬೇಕು, ಅಂಗಡಿಗೆ ಬಿಲ್ ಬುಕ್ಕು ಬೇಕು, ಮಗಳಿಗೆ ಕಾಲುಗೆಜ್ಜೆ ಬೇಕು. ಎಲ್ಲ ಒಂದೇ ದಿನದಲ್ಲಿ, ಕಾಲ್ನಡಿಗೆಯಲ್ಲಿ ಆಗಬೇಕು. ಐವತ್ತು ಅಂಗಡಿ ಒಂದೇ ಕಡೆ ಇದ್ದರೆ ತಾನೇ ಅವನು ಊರಿಂದ ಹೊರಡೋದು? ಒಂದೇ ಅಂಗಡಿ ಇದ್ದ ಕಡೆಗೆ ಯಾರು ಬರ್ತಾರೆ, ಅಲ್ಲಿ ಮೋಸ ಹೋದರೆ ಗೊತ್ತಾಗೋದು ಹೇಗೆ? ಪಕ್ಕದಂಗಡಿ ಇರೋದೇ ಗಿರಾಕಿಗೆ ಧೈರ್ಯ. ನಮಗೂ ಅಷ್ಟೇ. ಗಿರಾಕಿ ಗಿಳಿಹಸಿರು ಬೇಕು ಅಂತಾನೆ, ನಮ್ಮಲ್ಲಿ ಇಲ್ಲ. ಇಲ್ಲ ಅಂತ ಹೇಳ್ತೀವಾ? ‘ಗೋಡೌನಿನಲ್ಲಿದೆ, ಕೂತ್ಕೊಳ್ಳಿ, ಕಾಫಿ ತರಿಸ್ತೀನಿ’ ಅಂತ ಹುಡುಗನನ್ನ ಓಡಿಸ್ತಿದ್ವಿ. ಅವನು ನಾಲ್ಕನೇ ಅಂಗಡಿಯಿಂದ ಆರು ಸೀರೆ ಹೆಗಲ ಮೇಲೆ ಹಾಕ್ಕೊಂಡು ಬರ್ತಿದ್ದ. ಸಂಜೆ ಲೆಕ್ಕ ತೀರಿಸೋದು. ನಾಳೆ ಅವರ ಹುಡುಗ ನಮ್ಮಲ್ಲಿಗೆ ಓಡಿ ಬರ್ತಾನೆ. ಹಗಲೆಲ್ಲ ಗಿರಾಕಿಗೆ ಕಿತ್ತಾಡೋದು, ಮಾಲು ಮಾತ್ರ ಕೈಗಡ.

ಸೊಸೆ: ಇದು ನಿಜವಾಗಿಯೂ ಚೆನ್ನಾಗಿದೆ. ನಮ್ಮ ಪಾರ್ಕಿನಲ್ಲಿ ಪಕ್ಕದ ಬ್ಲಾಕಿನ ಕಂಪನಿಯವರು ಏನು ಮಾಡ್ತಾರೆ ಅಂತಲೂ ನಮಗೆ ಗೊತ್ತಿಲ್ಲ. ಅವರಿಂದ ಒಂದು ಪೆನ್‌ಡ್ರೈವ್ ಈಸ್ಕೊಂಡರೆ ಕೆಲಸ ಹೋಗುತ್ತೆ.

ಮಾವ: ಇನ್ನೂ ಇದೆ ಕೇಳು. ಆ ಹಳ್ಳಿ ವ್ಯಾಪಾರಿ ದುಡ್ಡನ್ನೆಲ್ಲ ಒಟ್ಟಿಗೆ ಕೊಡ್ತಿರಲಿಲ್ಲ. ಅರ್ಧ ಉದ್ದರಿ, ಸುಗ್ಗಿ ಆದಮೇಲೆ ಕೊಡೋದು. ಅವನು ನಂಬಿಕಸ್ಥನೋ ಅಲ್ಲವೋ ಅಂತ ನಮಗೆ ಯಾರು ಹೇಳಬೇಕು? ಓಣಿ ಹೇಳ್ತಿತ್ತು. ಒಂದಂಗಡಿಗೆ ಟೋಪಿ ಹಾಕಿದವನಿಗೆ ಮಾರನೇ ದಿನ ಇಡೀ ಚಿಕ್ಕಪೇಟೆಯಲ್ಲಿ ಒಂದು ಮೊಳ ಬಟ್ಟೆ ಹುಟ್ಟುತ್ತಿರಲಿಲ್ಲ. ಮಾಲು ಕಟ್ಟಿ ಕಲಾಸಿಪಾಳ್ಯದ ಲಾರಿ ಆಫೀಸಿಗೆ ಹಾಕಿ ರಸೀತಿ ಕೊಟ್ಟರೆ ಅವನಿಗಿಂತ ಮೊದಲೇ ಅವನ ಊರಿಗೆ ಮೂಟೆ ಮುಟ್ಟುತ್ತಿತ್ತು. ಬ್ಯಾಂಕು, ಲಾರಿ, ಹಮಾಲಿ, ದಲ್ಲಾಳಿ, ತಿಂಡಿ ಹೋಟೆಲು, ಎಲ್ಲ ಕೂಗಳತೆಯಲ್ಲಿ. ಇದರಲ್ಲಿ ಒಂದನ್ನ ಕಿತ್ತು ಬೇರೆ ಕಡೆ ನೆಟ್ಟರೆ ಉಳಿದವೂ ಬಾಡ್ತವೆ.

ಸೊಸೆ: ಬಾಡಲಿಲ್ಲವಲ್ಲ? ಧಾನ್ಯದ ಸಗಟು ವ್ಯಾಪಾರವನ್ನ ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿಗೆ ಒಯ್ದರು, ಅದೂ ನಡೀತಿದೆ, ತರಗುಪೇಟೆಯೂ ನಡೀತಿದೆ. ನೀವು ಒಂದು ವಿಷಯ ಮರೀತೀರಿ ಮಾವ, ನಮ್ಮ ಕಸುಬೂ ಶುರುವಾದದ್ದು ಊರಿನ ನಡುವಿನಲ್ಲೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗ ಆಫೀಸು ತೆರೆದದ್ದು ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸಿನಲ್ಲಿ. ಅವರ ಉಪಗ್ರಹ ಸಂಪರ್ಕದ ಸಾಮಾನನ್ನ ಎತ್ತಿನ ಗಾಡಿಯಲ್ಲಿ ತಂದರು ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತಿರೋ ಕಥೆ. ಆಮೇಲೆ ಕಂಪನಿಗಳು ಬೆಳೆದವು. ಒಂದೇ ಮಹಡಿಯಲ್ಲಿ ಐನೂರು ಜನ ಕೂರೋ ಜಾಗ ಬೇಕಾಯ್ತು. ಎಂ.ಜಿ. ರಸ್ತೆಯ ಬಂಗಲೆ ನಿವೇಶನಗಳಲ್ಲಿ ಅದೆಲ್ಲಿ ಸಿಗುತ್ತೆ? ಪೇಟೆಯಲ್ಲಂತೂ ಹತ್ತಡಿ ಅಗಲದ ಅಂಗಡಿಗೆ ನಾಲ್ಕು ಜನ ವಾರಸುದಾರರು. ಆ ಕಡೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸರ್ಕಾರದ ಕಿಯೋನಿಕ್ಸ್ 1978ರಿಂದಲೇ ಜಾಗ ಮಾಡಿಟ್ಟಿತ್ತು. ಎಲ್ಲರೂ ಹೋದರು. ಅದರಲ್ಲಿ ತಪ್ಪೇನಿದೆ?

ಮಾವ: ತಪ್ಪು ಅಂತ ನಾನೆಲ್ಲಿ ಹೇಳಿದೆ? ಈ ಕಡೆಯವರಿಗೆ ಅದು ಹೊಸದೂ ಅಲ್ಲ. ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಬಂದದ್ದು 1953ರಲ್ಲಿ, ಬಿ.ಇ.ಎಲ್. 1954ರಲ್ಲಿ. ಅವಕ್ಕೆ ಅವುಗಳದೇ ಕಾಲೋನಿ, ಅವುಗಳದೇ ಸ್ಕೂಲು, ಆಸ್ಪತ್ರೆ, ಬಸ್ಸು. ಸಾವಿರಾರು ಜನರ ಕೆಲಸ ಊರಾಚೆ ಹೋಯ್ತು. ಆದರೆ ಬಿ.ಇ.ಎಲ್. ಕಾರ್ಮಿಕನ ಮನೆಯಲ್ಲಿ ಮದುವೆ ಬಂತು ಅಂದರೆ ಚಿಕ್ಕಪೇಟೆಗೆ ಬರ್ತಿದ್ದ. ರಾಜ್‌ಕುಮಾರ್ ಚಿತ್ರ ಬಂತು ಅಂದರೆ ಕೆ.ಜಿ. ರಸ್ತೆಗೆ ಬರ್ತಿದ್ದ. ಮಕ್ಕಳ ಪಠ್ಯಪುಸ್ತಕಕ್ಕೆ ಅವೆನ್ಯೂ ರಸ್ತೆ, ರೇಡಿಯೋ ಬಿಡಿಭಾಗಕ್ಕೆ ಎಸ್.ಪಿ. ರಸ್ತೆ. ಕೆಲಸ ಆಚೆ ಹೋದರೂ ಮನುಷ್ಯ ಒಳಗೆ ಬರ್ತಾನೇ ಇದ್ದ. ನಿಮ್ಮ ಕಾಲದಲ್ಲಿ ಮನುಷ್ಯ ಬರೋದನ್ನೇ ನಿಲ್ಲಿಸಿದ.

ಸೊಸೆ: ಯಾಕೆ ಬರಬೇಕು ಹೇಳಿ. ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಒಂಬತ್ತಕ್ಕೆ ನಾನು ಒಬ್ಬಳೇ ಬಸ್ಸಿಗೆ ಕಾಯಬಲ್ಲೆನಾ? ಚಿಕ್ಕಪೇಟೆಯಲ್ಲಿ ನಾಲ್ಕು ಗಂಟೆ ಸುತ್ತಿದರೆ ಹೆಂಗಸರು ಹೋಗೋಕೆ ಒಂದು ಶೌಚಾಲಯ ಹುಡುಕಿ ತೋರಿಸಿ. ತಲೆ ಮೇಲೆ ಕರೆಂಟಿನ ತಂತಿಗಳ ಗೊಂಚಲು, ಕೆಳಗೆ ಮೋರಿ, ಮಧ್ಯೆ ನುಗ್ಗೋ ಸ್ಕೂಟರು. ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಒಳಗೆ ಹೋಗೋ ಹಾಗಿಲ್ಲ. ನೀವು ಹೇಳೋ ಪೇಟೆ ಗಂಡಸರ ಪೇಟೆ. ಗುಮಾಸ್ತರು, ಹಮಾಲಿಗಳು, ಯಜಮಾನರು, ಹೆಗಲ ಮೇಲೆ ಸೀರೆ ಹೊತ್ತು ಓಡೋ ಹುಡುಗ, ಎಲ್ಲ ಗಂಡಸರೇ. ಸೀರೆ ಉಡೋರು ಮಾತ್ರ ನಾವು.

ಮಾವ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಮ್ಮ. ನಿಮ್ಮತ್ತೆಯೂ ಇದನ್ನೇ ಹೇಳ್ತಿದ್ದಳು.

ಸೊಸೆ: ಮಾನ್ಯತಾದಲ್ಲಿ ರಾತ್ರಿ ಹತ್ತಕ್ಕೆ ಹೊರಟರೂ ಮನೆ ಬಾಗಿಲಿಗೆ ಕ್ಯಾಬು ಬಿಡುತ್ತೆ. ಬೆಳಕಿದೆ, ನೀರಿದೆ. ಬೇಲಿ ಇದೆ ಅಂತ ನೀವು ಹಂಗಿಸ್ತೀರಿ, ಆ ಬೇಲಿಯೊಳಗೆ ನಾನು ತಲೆ ಎತ್ತಿ ನಡೀತೀನಿ.

ಮಾವ: ಒಪ್ಪಿದೆ. ಆದರೆ ಹೇಳು, ಆ ಬೇಲಿಯೊಳಗೆ ಕೆಲಸ ಇಲ್ಲದವನು ಬರಬಹುದಾ? ಕೆಲಸ ಹುಡುಕ್ಕೊಂಡು ಯಾರೂ ಪರಿಚಯ ಇಲ್ಲದ ಹುಡುಗ ಬಂದು ‘ಇಲ್ಲಿ ಏನಾದ್ರೂ ಸಿಗುತ್ತಾ?’ ಅಂತ ಬಾಗಿಲಿಂದ ಬಾಗಿಲಿಗೆ ಕೇಳಬಹುದಾ? ನಾನು ಪೇಟೆಗೆ ಬಂದದ್ದು ಹಾಗೇ. ಹತ್ತು ಅಂಗಡಿಯಲ್ಲಿ ಇಲ್ಲ ಅಂದರು, ಹನ್ನೊಂದನೆಯವರು ‘ಗುಡಿಸ್ತೀಯಾ?’ ಅಂದರು. ಗುಡಿಸಿದೆ, ಮಡಚೋದು ಕಲಿತೆ, ಲೆಕ್ಕ ಬರೆಯೋದು ಕಲಿತೆ. ಊರ ನಡು ಮಾಡಬೇಕಾದ ದೊಡ್ಡ ಕೆಲಸ ಇದು ಅಂತ ನನ್ನ ಎಣಿಕೆ. ಗಾಜಿನ ಕಟ್ಟಡ ಎಲ್ಲಿ ಬೇಕಾದರೂ ಕಟ್ಟಬಹುದು. ಗೊತ್ತುಗುರಿ ಇಲ್ಲದವನು ಬಂದು ನಿಂತು ಒಂದು ದಾರಿ ಹುಡುಕ್ಕೊಳ್ಳೋ ಜಾಗ ಕಟ್ಟೋದು ಕಷ್ಟ.

ಸೊಸೆ: ಈಗಿನ ಹುಡುಗ ಮೊಬೈಲಿನಲ್ಲಿ ಡೆಲಿವರಿ ಆ್ಯಪಿಗೆ ಸೇರ್ತಾನೆ. ಯಾವ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ.

ಮಾವ: ಸೇರ್ತಾನೆ. ಎಷ್ಟು ವರ್ಷ ಓಡಿಸಿದರೂ ಅವನು ಓಡಿಸೋನೇ. ಅವನಿಗೆ ಮಡಚೋದು ಕಲಿಸೋರು ಯಾರು?

ಸೊಸೆ: ಹ್ಞೂ... ಅದು ಸರಿ. ಆದರೂ ನಡು ಅನ್ನೋದು ಒಂದೇ ಕಡೆ ಬೇರು ಬಿಟ್ಟು ಕೂರುತ್ತೆ ಅಂತ ಯಾಕೆ ಅಂದ್ಕೋಬೇಕು? ಕೆಂಪೇಗೌಡರ ಮನೆತನದವರು ಯಲಹಂಕ ನಾಡಪ್ರಭುಗಳು. ಬೆಂಗಳೂರು ಕಟ್ಟೋಕೆ ಮುಂಚೆ ರಾಜಧಾನಿ ಇದ್ದದ್ದು ಇಲ್ಲೇ, ನಮ್ಮ ಪಕ್ಕದ ಯಲಹಂಕದಲ್ಲಿ. ಅಂದರೆ ನಡು ಇಲ್ಲಿಂದಲೇ ಎದ್ದು ಆ ಕಡೆ ಹೋಯ್ತು. ಐನೂರು ವರ್ಷಕ್ಕೆ ತಿರುಗಿ ಈ ಕಡೆ ಬರ್ತಿದೆ ಅನ್ಕೊಳ್ಳಿ! 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಬಂದಮೇಲೆ ಬಳ್ಳಾರಿ ರಸ್ತೆಯ ಎರಡು ಬದಿಯೂ ಏನಾಯ್ತು ನೋಡಿ.

ಮಾವ: ಜೋರಾಗಿ ಹೇಳಬೇಡ, ಇಲ್ಲಿ ಸೈಟಿನ ರೇಟು ಇನ್ನೂ ಏರಿಸ್ತಾರೆ. ಹೋಗಲಿ, ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ ಬೆಂಗಳೂರನ್ನ ಸಿಂಗಾಪುರ ಮಾಡ್ತೀನಿ ಅಂದರಲ್ಲ, ಆಗ ನಮ್ಮೂರಿನವರು ‘ನಾವು ಆಗಲೇ ಸಿಂಗಾಪುರ, ನಮಗೆ ಮೋರಿ ಮಾಡಿಸಿಕೊಡಿ ಸಾಕು’ ಅಂತ ನಗ್ತಿದ್ದರು. ಆ ಸಿಂಗಾಪುರದಲ್ಲಿ ಈ ನಡುವಿನ ವಿಚಾರ ಏನು ಮಾಡಿದರು? ಆಫೀಸಿನಿಂದ ನೀನು ಹೋಗಿ ಬಂದಿದ್ದೀಯಲ್ಲ.

ಸೊಸೆ: ಅಲ್ಲಿ ರಾಫಲ್ಸ್ ಪ್ಲೇಸ್ ಅಂತ ಇದೆ, ನದಿ ಪಕ್ಕದಲ್ಲೇ. ಹತ್ತೊಂಬತ್ತನೇ ಶತಮಾನದಿಂದ ವ್ಯಾಪಾರದ ಚೌಕ, ಈಗ ಬ್ಯಾಂಕುಗಳ ಗೋಪುರಗಳು. ಅದು ಕಾರುಗಳಿಂದ ಕಿಕ್ಕಿರಿದಾಗ 1975ರಲ್ಲಿ ಒಂದು ಕಾನೂನು ಮಾಡಿದರು. ಬೆಳಗಿನ ಹೊತ್ತು ನಡು ಊರಿನೊಳಗೆ ಕಾರು ತಂದರೆ ದುಡ್ಡು ಕೊಟ್ಟು ಚೀಟಿ ಅಂಟಿಸಿಕೊಳ್ಳಬೇಕು. 1998ರಿಂದ ಯಂತ್ರವೇ ದುಡ್ಡು ಮುರಿದುಕೊಳ್ಳುತ್ತೆ. ಲಂಡನ್ 2003ರಲ್ಲಿ ಈ ದಾರಿ ಹಿಡೀತು, ನ್ಯೂಯಾರ್ಕ್ 2025ರಲ್ಲಿ.

ಮಾವ: ಪೇಟೆಗೆ ಬರೋಕೆ ಸುಂಕ! ನಮ್ಮ ಹಳ್ಳಿ ವ್ಯಾಪಾರಿ ಕಥೆ ಏನು?

ಸೊಸೆ: ಮೊದಲಿಗೆ ಬಸ್ಸಿಗೆ ಇರಲಿಲ್ಲ ಮಾವ. ನಾಲ್ಕು ಜನ ಕೂತ ಕಾರಿಗೂ ಇರಲಿಲ್ಲ. ಒಬ್ಬನೇ ಕೂತು ಬರೋನು ಕೊಡಬೇಕಿತ್ತು. ಇನ್ನೊಂದು ಮಾಡಿದರು, ಅದು ಮುಖ್ಯ. ಎಲ್ಲರನ್ನೂ ನಡುವಿಗೇ ಎಳೆಯೋದು ಬೇಡ ಅಂತ ಟ್ಯಾಂಪನೀಸ್ ಥರದ ಹೊರ ಬಡಾವಣೆಗಳಲ್ಲಿ ಉಪಕೇಂದ್ರಗಳನ್ನ ಮಾಡೋ ಯೋಜನೆ 1991ರಲ್ಲಿ ಹಾಕಿದರು. ಆದರೆ ಟ್ಯಾಂಪನೀಸಿಗೆ ರೈಲು 1989ರಲ್ಲೇ ಹೋಗಿತ್ತು. ಮೊದಲು ರೈಲು, ಆಮೇಲೆ ಆಫೀಸು.

ಮಾವ: ನಮ್ಮಲ್ಲಿ?

ಸೊಸೆ: ನಮ್ಮಲ್ಲಿ ಆ ಸಿಂಗಾಪುರದವರೇ ಬಂದು 1994ರಲ್ಲಿ ಟಾಟಾದವರ ಜೊತೆ, ರಾಜ್ಯ ಸರ್ಕಾರದ ಜೊತೆ ಸೇರಿ ವೈಟ್‌ಫೀಲ್ಡಿನಲ್ಲಿ ಐ.ಟಿ.ಪಿ.ಎಲ್. ಟೆಕ್ ಪಾರ್ಕು ಕಟ್ಟೋಕೆ ಹೊರಟರು. ಅಲ್ಲಿಂದ ಊರಿನ ನಡುವಿಗೆ ಮೆಟ್ರೊ ಪೂರ್ತಿ ಆದದ್ದು 2023ರಲ್ಲಿ. ನಡುವೆ ಒಂದು ತಲೆಮಾರು ಬಸ್ಸು, ಕ್ಯಾಬುಗಳಲ್ಲಿ ಕೂತು ವಯಸ್ಸು ಕಳೀತು. ನಮ್ಮ ನಾಗವಾರದ ಕಥೆಯೂ ಅದೇ. 2025 ಮುಗಿದರೂ ಮೆಟ್ರೊ ಬಂದಿರಲಿಲ್ಲ.

ಮಾವ: ಆ ಮಾರ್ಗ ಎಲ್ಲೆಲ್ಲಿ ಹೋಗುತ್ತೆ?

ಸೊಸೆ: ನಾಗವಾರ, ಟ್ಯಾನರಿ ರಸ್ತೆ, ದಂಡು ರೈಲ್ವೆ ನಿಲ್ದಾಣ, ಶಿವಾಜಿನಗರ, ಎಂ.ಜಿ. ರಸ್ತೆ, ಅಲ್ಲಿಂದ ಬನ್ನೇರುಘಟ್ಟ ರಸ್ತೆ ಕಡೆ.

ಮಾವ: ನೋಡಿದೆಯಾ? ನಿಮ್ಮ ಮಾನ್ಯತಾಗೆ ರೈಲು ಹಾಕಿದರೂ ಅದು ಹೋಗಿ ಮುಟ್ಟೋದು ನಡುವನ್ನೇ. ಇಂಜಿನಿಯರುಗಳಿಗೆ ಗೊತ್ತಿದೆ, ನಿಮ್ಮ ಮ್ಯಾನೇಜರಿಗೆ ಗೊತ್ತಿಲ್ಲ.

ಸೊಸೆ: ಆಯ್ತು, ಒಂದು ಮಾತು ನಾನೂ ಒಪ್ತೀನಿ. ನಡುವಿನಲ್ಲಿ ಈಚೆಗೆ ಮೆಟ್ರೊದಿಂದ ಜೀವ ಬಂದಿದೆ. ಎಂ.ಜಿ. ರಸ್ತೆಗೆ 2011ರಲ್ಲಿ ರೈಲು ಬಂದಾಗ ಅದೊಂದು ಆಟಿಕೆ ಥರ ಇತ್ತು. ಮೆಜೆಸ್ಟಿಕ್ಕಿನಲ್ಲಿ ಎರಡು ಮಾರ್ಗ ಕೂಡಿದ ಮೇಲೆ, ಚಿಕ್ಕಪೇಟೆಗೇ ನಿಲ್ದಾಣ ಆದಮೇಲೆ, ನನ್ನ ಗೆಳತಿಯರು ಕೆಲವರು ಭಾನುವಾರ ಬಳೇಪೇಟೆಗೆ ಹೋಗ್ತಾರೆ, ಅವೆನ್ಯೂ ರಸ್ತೆಯ ಹಳೇ ಪುಸ್ತಕಕ್ಕೆ ಹೋಗ್ತಾರೆ. ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿದ ಮೇಲೆ ಅಲ್ಲಿ ಸುಮ್ಮನೆ ನಡೆಯೋಕೆ ಅಂತಲೇ ಜನ ಬರ್ತಾರೆ. ಆದರೆ ಅವರು ಬರೋದು ತಿನ್ನೋಕೆ, ಫೋಟೋ ತೆಗೆಯೋಕೆ. ನಿಮ್ಮ ಹಾಗೆ ಬದುಕೋಕೆ ಅಲ್ಲ.

ಮಾವ: ಮೊದಲು ಬರಲಿ. ಕರಗದ ರಾತ್ರಿ ಒಂದು ಸಲ ಬಾ ನೀನು. ಚೈತ್ರದ ಹುಣ್ಣಿಮೆ. ಧರ್ಮರಾಯನ ಗುಡಿಯಿಂದ ಹೊರಟ ಕರಗ ನಮ್ಮ ಅಂಗಡಿ ಓಣಿಗಳಲ್ಲೆಲ್ಲ ಸುತ್ತಿ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತೆ. ಹಗಲು ಮಾರವಾಡಿಯ ಪೇಟೆ ಅನ್ನಿಸಿದ್ದು ಅವತ್ತು ತಿಗಳರ ಪೇಟೆ. ಟೆಕ್ ಪಾರ್ಕಿಗೆ ಮಾಲೀಕ ಒಬ್ಬನೇ ಇರ್ತಾನೆ, ಇಂಥ ದಿನ ಅವನು ಎಲ್ಲಿಂದ ತರ್ತಾನೆ?

ಸೊಸೆ: ಈಗ ಸರ್ಕಾರವೂ ನಡುವಿಗೆ ಗಡಿ ಹಾಕಿದೆ, ಗೊತ್ತಾ? 2025ರ ಸೆಪ್ಟೆಂಬರಿನಲ್ಲಿ ಇಡೀ ಊರಿಗಿದ್ದ ಬಿ.ಬಿ.ಎಂ.ಪಿ. ಹೋಗಿ ಐದು ನಗರ ಪಾಲಿಕೆ ಆದವು. ಪೇಟೆ ಬೆಂಗಳೂರು ಕೇಂದ್ರದಲ್ಲಿ, ನಾವು ಬೆಂಗಳೂರು ಉತ್ತರದಲ್ಲಿ.

ಮಾವ: ನನಗಿದು ಹಿಡಿಸಿಲ್ಲ. 1949ರಲ್ಲಿ ಎರಡನ್ನ ಒಂದು ಮಾಡಿದರು, ಈಗ ಒಂದನ್ನ ಐದು ಮಾಡಿದರು. ಮೆಜೆಸ್ಟಿಕ್ಕಿನ ಶೌಚಾಲಯ ಗಬ್ಬು ನಾರಿದರೆ ಅದನ್ನ ಬಳಸೋ ನಮ್ಮ ಸಿಂಗಾಪುರದವನ ವೋಟಿಗೆ ಇನ್ನು ಅಲ್ಲಿ ಬೆಲೆ ಇಲ್ಲ. ನಡುವನ್ನ ಬಳಸೋರು ಊರವರೆಲ್ಲ, ಅದರ ಸದಸ್ಯರನ್ನ ಆರಿಸೋರು ಮಾತ್ರ ಅಲ್ಲಿ ಮಲಗೋರು.

ಸೊಸೆ: ಇದು ನಾನು ಯೋಚಿಸಿರಲಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ತೋಡ್ತೀವಿ ಅಂತಾರಲ್ಲ, ಅದೂ ಹಾಗೇ. ಊರಿನ ಕೆಳಗೆ ತೂರಿಕೊಂಡು ಆಚೆಗೆ ಹೋಗೋ ಕಾರಿನವರಿಗೆ ಅದು. ನಡುವಿನಲ್ಲಿ ಇಳಿದು ಕೆಲಸ ಇರೋ ಬಸ್ಸಿನವರಿಗೆ ಅಲ್ಲ.

ಮಾವ: ಹಾಗಾದರೆ ನಾವಿಬ್ಬರೂ ಒಂದೇ ಕಡೆ ಬಂದ್ವಿ. ಪಾಲಿಕೆ ಚುನಾವಣೆಗೆ ವೋಟು ಕೇಳೋಕೆ ಬರ್ತಾರಲ್ಲ, ನಾನು ಎರಡೇ ಕೇಳ್ತೀನಿ. ಸಿಂಗಾಪುರದಿಂದ ಮಾರ್ಕೆಟ್ಟಿಗೆ ಬೆಳಗ್ಗೆ ಐದರಿಂದ ಬಸ್ಸು ಹೆಚ್ಚಿಸಿ, ಹೂವಿನ ವ್ಯಾಪಾರದವರಿಗೂ ಆಗುತ್ತೆ. ಸಂಜೆ ವಾಪಸ್ ಬರೋ ಬಸ್ಸು ಎಂಟಕ್ಕೆ ನಿಲ್ಲದ ಹಾಗೆ ನೋಡಿಕೊಳ್ಳಿ.

ಸೊಸೆ: ನನ್ನದೂ ಒಂದು ಸೇರಿಸಿ. ಚಿಕ್ಕಪೇಟೆ, ಅವೆನ್ಯೂ ರಸ್ತೆ, ಮಾರ್ಕೆಟ್, ಮೂರು ಕಡೆ ಹೆಂಗಸರಿಗೆ ಶುಚಿಯಾದ ಶೌಚಾಲಯ, ರಾತ್ರಿ ಅಂಗಡಿ ಮುಚ್ಚೋವರೆಗೂ ತೆರೆದಿರಬೇಕು. ನಮ್ಮ ಪಾಲಿಕೆ ಅಲ್ಲ ಅಂತ ನೆಪ ಹೇಳಿದರೆ ನಮ್ಮ ವೋಟೂ ಅವರದಲ್ಲ ಅಂತ ಹೇಳಿ. ಈ ಬೀದಿಯಲ್ಲಿ ಉಳಿದವರೂ ಇದನ್ನೇ ಕೇಳಬೇಕು.